ಪುಟ್ಟಿ ಮೆತ್ತಿದ ಪಾಪ ಯಾರದು?

1

ತುಕ್ಕಿನ ಮೇಲೆ ನಾವೊಂದು ಪದ್ಯ ಬರೆದಿದ್ದೆವು. ಬಿ.ಎ. ಓದುತ್ತಿದ್ದಾಗಿನ ಮಾತು. ಈ ವ್ಯವಸ್ಥೆಗೆ ತುಕ್ಕು ಹಿಡಿದಿದೆ, ಸುತ್ತಿಗೆ ತನ್ನಿ, ಕುಟ್ಟಿ ಕೆಡವೋಣ ಎಂಬ ಅರ್ಥದ ಪದ್ಯ. ಕಾಲೇಜಿನ ಕವಿಗೋಷ್ಠಿಯಲ್ಲಿ ಚಪ್ಪಾಳೆ ಬಿತ್ತು. ಆ ಹುಮ್ಮಸ್ಸಿನಲ್ಲೇ ಶೆಡ್ಡಿಗೆ ಹೋಗಿ ನಮ್ಮಣ್ಣನಿಗೆ ಓದಿ ಹೇಳಿದೆವು. ನಮ್ಮಣ್ಣ ಟಿಂಕರ್. ಕಾರುಗಳ ತಗಡಿನ ಕೆಲಸ ಅವನದು. ಪದ್ಯ ಮುಗಿಯುವವರೆಗೂ ಸುಮ್ಮನಿದ್ದ. ಆಮೇಲೆ ಕೇಳಿದ:

"ತುಕ್ಕು ಹಿಡಿದ ತಗಡನ್ನ ಯಾರಾದ್ರೂ ಕುಟ್ತಾರೇನ್ಲಾ? ಕುಟ್ಟಿದ್ರೆ ಪುಡಿ ಉದುರ್ತದೆ, ಅಷ್ಟೆ. ತುಕ್ಕನ್ನ ಕೊಯ್ಬೇಕು. ಎಲ್ಲೀಗಂಟ ಕೊಯ್ಬೇಕು ಅಂತ ಗೊತ್ತಿರ್ಬೇಕು. ಕೊಯ್ದ ಜಾಗಕ್ಕೆ ಏನು ಹಾಕ್ತೀಯ ಅಂತ್ಲೂ ಗೊತ್ತಿರ್ಬೇಕು."

ನಮಗೆ ನಾಚಿಕೆಯಾಯಿತು. ಅವತ್ತಿನಿಂದ ತುಕ್ಕನ್ನು ಉಪಮೆಯಾಗಿ ಬಳಸುವುದನ್ನು ಬಿಟ್ಟೆವು. ಈ ಲೇಖನದಲ್ಲಿ ತುಕ್ಕು ಎಂದರೆ ತುಕ್ಕೇ, ಕಾರು ಎಂದರೆ ಕಾರೇ. 1972ರ ಒಂದು ಅಂಬಾಸಡರ್ ಕಾರು. ಆದರೆ ಆ ಕಾರಿನ ಅಡಿಯಲ್ಲಿ ನಮಗೆ ಸಿಕ್ಕಿದ ಪ್ರಶ್ನೆ ಕಾರಿಗಷ್ಟೇ ಸೇರಿದ್ದಲ್ಲ. ಕೂಲಿಗೆ ಮಾಡಿದ ಕೆಲಸದಲ್ಲಿ ಸುಳ್ಳು ಸೇರಿಕೊಂಡರೆ ಆ ಸುಳ್ಳು ಯಾರದು? ಮಾಡಿಸಿದವನದೋ, ಮಾಡಿದವನದೋ, ಆ ದುಡ್ಡಿನಲ್ಲಿ ಉಂಡವನದೋ? ಈ ಪ್ರಶ್ನೆಯನ್ನು ನಮ್ಮ ಬಳಗದ ಮುಂದೆ ಇಡಬೇಕು ಅನ್ನಿಸಿದೆ. ಯಾಕೆಂದರೆ ಇದಕ್ಕೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಸಾಲದು ಎಂದು ನಮಗೆ ಮನವರಿಕೆಯಾಗಿದೆ.

2

ಮೊದಲು ಕೆಲಸದ ಬಗ್ಗೆ ಹೇಳಬೇಕು. ಕೆಲಸ ಗೊತ್ತಿಲ್ಲದೆ ಕೆಲಸದ ನೀತಿ ಮಾತಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಮ್ಮಪ್ಪ ಕೂಲಿ. ಊರಿನ ಕುಲುಮೆಯ ಮುಂದೆ ಕುಡುಗೋಲು ಹಿಡಿದುಕೊಂಡು ದೂರ ನಿಂತು ಕಾಯುತ್ತಿದ್ದವನು. ಅದನ್ನು ನೋಡಿ ಬೆಳೆದ ಅಣ್ಣ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪೇಟೆಯ ಶೆಡ್ಡೊಂದರಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಸೇರಿದ. ಉಸ್ತಾದರು ಜಾತಿ ಕೇಳಲಿಲ್ಲ, ಸುತ್ತಿಗೆ ಕೊಟ್ಟರು. ಏಟು ತಪ್ಪಿದಾಗ ಬೈದರು. ಹತ್ತು ವರ್ಷದ ಮೇಲೆ ಅಣ್ಣ ಸ್ವಂತ ಶೆಡ್ಡು ಹಾಕಿದ. ನಾಲ್ಕು ಕಂಬ, ಮೇಲೊಂದಿಷ್ಟು ತಗಡು, ಒಂದು ಗ್ಯಾಸ್ ವೆಲ್ಡಿಂಗ್ ಸೆಟ್ಟು, ಒಂದು ಗ್ರೈಂಡರು. ಆ ಶೆಡ್ಡಿನ ದುಡ್ಡಿನಲ್ಲಿ ನಾವು ಓದಿದೆವು. ನಮ್ಮ ಮನೆತನದಲ್ಲಿ ಪದವಿ ಅಂತ ಪಡೆದವರು ನಾವೇ ಮೊದಲು.

ಅಂಬಾಸಡರ್ ಗೊತ್ತಿಲ್ಲದವರು ಯಾರು? ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಮಾದರಿ. ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಮಂತ್ರಿಯೂ ಅದರಲ್ಲೇ ಕೂತ, ಬಾಡಿಗೆಗೆ ಹಿಡಿದ ಮದುವೆ ದಿಬ್ಬಣದವರೂ ಅದರಲ್ಲೇ ಕೂತರು. ದಪ್ಪ ತಗಡು, ಗಟ್ಟಿ ಗಾಡಿ ಅಂತ ಹೆಸರು. ಗಟ್ಟಿ ಹೌದು, ಆದರೆ ನೀರು ನಿಂತರೆ ಯಾವ ತಗಡೂ ಉಳಿಯದು.

ತುಕ್ಕಿಗೆ ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಈ ಮೂರೂ ಬೇಕು. ಉಪ್ಪು ಸೇರಿದರೆ ಇನ್ನೂ ಬೇಗ. ಅಲ್ಯೂಮಿನಿಯಂ ಮೇಲೂ ಗಾಳಿ ತಾಗಿ ಒಂದು ಪೊರೆ ಕಟ್ಟುತ್ತದೆ, ಆ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಕಾಯುವ ಜಾತಿಯದಲ್ಲ. ಅದು ಪುಡಿಪುಡಿ, ತೂತುತೂತು. ನೀರು ಹೀರಿ ಹಿಡಿದುಕೊಂಡು ಒಳಗಿನ ಕಬ್ಬಿಣಕ್ಕೆ ತಲುಪಿಸುತ್ತಲೇ ಇರುತ್ತದೆ. ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ. ಹೊರಗೆ ಕಡಲೆಕಾಳಿನಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ಹೋಗಿರಬಹುದು. ತುಕ್ಕು ಹುಟ್ಟುವುದು ಕಣ್ಣಿಗೆ ಬೀಳದ ಕಡೆ. ಬಾಗಿಲಿನ ತಳ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಮಡ್‌ಗಾರ್ಡಿನ ಒಳಮಡಿಕೆ, ಕಾಲಡಿಯ ಮ್ಯಾಟಿನ ಕೆಳಗೆ. ನೀರು ಇಳಿದುಹೋಗಲೆಂದೇ ಬಾಗಿಲ ತಳದಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಕೆಸರು ಕಟ್ಟಿ ಅವು ಮುಚ್ಚಿಕೊಂಡರೆ ಮಳೆಗಾಲದ ನೀರೆಲ್ಲ ಒಳಗೇ ಉಳಿಯುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಪಟ್ಟಿಗೆ ತುಕ್ಕು ಹಿಡಿಯುವುದು. ನಮ್ಮ ಶೆಡ್ಡಿನಲ್ಲಿ ಅದಕ್ಕೆ ಫುಟ್‌ಬೋರ್ಡು ಅನ್ನುತ್ತಾರೆ. ಲಾರಿಗೆ ಇರುವ ಹಾಗೆ ಈ ಕಾರಿಗೆ ಕೆಳಗೆ ಬೇರೆ ಚಾಸಿ ಇಲ್ಲ. ಒಡಲೇ ಚಾಸಿ. ಫುಟ್‌ಬೋರ್ಡು ಅಂದರೆ ಬೆನ್ನುಮೂಳೆ ಇದ್ದ ಹಾಗೆ. ಅದು ಹೋದರೆ ಕಾರು ನಡುವಿನಲ್ಲಿ ಬಗ್ಗುತ್ತದೆ, ಬಾಗಿಲುಗಳು ಸರಿಯಾಗಿ ಕೂರುವುದಿಲ್ಲ, ಗುದ್ದಿದಾಗ ಒಳಗಿದ್ದವರನ್ನು ಕಾಯುವುದಕ್ಕೆ ಏನೂ ಉಳಿಯುವುದಿಲ್ಲ.

ಇದಕ್ಕೆ ನಿಜವಾದ ರಿಪೇರಿ ಒಂದೇ. ಬ್ಯಾಟರಿ ಬಿಚ್ಚಬೇಕು, ಸೀಟು, ಮ್ಯಾಟು ತೆಗೆಯಬೇಕು, ಬೆಂಕಿ ತಾಗುವ ಹತ್ತಿರದಲ್ಲಿದ್ದರೆ ಪೆಟ್ರೋಲ್ ಟ್ಯಾಂಕನ್ನೂ ಇಳಿಸಬೇಕು. ಸುತ್ತಿಗೆಯ ಹಿಡಿಯಿಂದ ತಟ್ಟಿ ಕೇಳಬೇಕು. ಒಳ್ಳೇ ತಗಡು ಠಣ್ ಅನ್ನುತ್ತದೆ, ಹೋದ ತಗಡು ದಬ್ ಅನ್ನುತ್ತದೆ. ಹೊಳೆಯುವ ಲೋಹ ಸಿಗುವವರೆಗೂ ಕೊಯ್ಯಬೇಕು, ಸಿಕ್ಕಿದ ಮೇಲೂ ಒಂದು ಬೆರಳಗಲ ಜಾಸ್ತಿ ಕೊಯ್ಯಬೇಕು. ರಟ್ಟಿನಲ್ಲಿ ಅಳತೆ ತೆಗೆದು, ಅದರಂತೆ ಹೊಸ ತಗಡು ಕತ್ತರಿಸಿ, ಪೈಪಿನ ಮೇಲೆ ಬಗ್ಗಿಸಿ, ಹಿಂದೆ ಡಾಲಿ ಹಿಡಿದು ಮುಂದೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಆಕಾರ ತರಬೇಕು. ಬೆಸುಗೆಯನ್ನು ಒಂದೇ ಎಳೆಯಲ್ಲಿ ಎಳೆಯುವ ಹಾಗಿಲ್ಲ, ಕಾವಿಗೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಲು ಬಿಟ್ಟು ಮತ್ತೊಂದು ಚುಕ್ಕೆ. ಆಮೇಲೆ ಉಜ್ಜಿ, ಪ್ರೈಮರ್ ಹೊಡೆದು, ಬೇಕಾದರೆ ಮಾತ್ರ ತೆಳ್ಳಗೆ ಪುಟ್ಟಿ. ಪುಟ್ಟಿಯಿಂದ ಏಟಿನ ಗುರುತು ಮುಚ್ಚಬಹುದು. ತೂತು ಮುಚ್ಚಬಾರದು. ಪುಟ್ಟಿ ನೀರು ಹೀರುತ್ತದೆ. ತುಕ್ಕಿನ ಮೇಲೆ ಪುಟ್ಟಿ ಹಾಕಿದರೆ ಒಳಗಿನ ತುಕ್ಕಿಗೆ ಒದ್ದೆ ಬಟ್ಟೆ ಹೊದಿಸಿದ ಹಾಗೆ.

ಒಂದು ಕಡೆಯ ಫುಟ್‌ಬೋರ್ಡನ್ನು ಹೀಗೆ ಮಾಡಲು ಅಣ್ಣನಿಗೆ ಮೂರು ದಿನ ಹಿಡಿಯುತ್ತದೆ. ಪುಟ್ಟಿ ಮೆತ್ತಲು ಅರ್ಧ ದಿನ. ಬಣ್ಣ ಹೊಡೆದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನಮ್ಮ ಪ್ರಶ್ನೆ ಹುಟ್ಟಿದ್ದು ಈ ಮೂರು ದಿನಕ್ಕೂ ಅರ್ಧ ದಿನಕ್ಕೂ ನಡುವೆ.

3

2018ರಲ್ಲಿ ಒಬ್ಬ ದಲ್ಲಾಳಿ ಆ ಅಂಬಾಸಡರನ್ನು ಶೆಡ್ಡಿಗೆ ತಂದ. ಎಲ್ಲೋ ಹಿತ್ತಲಿನಲ್ಲಿ ನಿಂತು ಹಾಳಾಗಿದ್ದ ಕಾರು. ಹಳೇ ಕಾರಿಗೆ ಈಗ ಗಿರಾಕಿ ಇದೆ, ನಾಲ್ಕು ದಿನದಲ್ಲಿ ಮಿಂಚಬೇಕು ಅಂದ. ಅಣ್ಣ ಬಗ್ಗಿ ನೋಡಿ ಸ್ಕ್ರೂಡ್ರೈವರ್ ಚುಚ್ಚಿದ. ಎಡಗಡೆಯ ಫುಟ್‌ಬೋರ್ಡಿನೊಳಕ್ಕೆ ಅದು ಹಿಡಿಯವರೆಗೂ ಇಳಿಯಿತು.

"ಕೊಯ್ದು ಹೊಸಾದು ಹಾಕ್ಬೇಕು ಸ್ವಾಮಿ. ಎರಡೂ ಕಡೆ ಅಂದ್ರೆ ಒಂದು ವಾರ. ಹದಿನೈದು ಸಾವಿರ ಆಗ್ತದೆ."

"ಆರು ಕೊಡ್ತೀನಿ. ಆಗೋ ಹಂಗೆ ಮಾಡು. ನೀನಲ್ದಿದ್ರೆ ಎದುರುಗಡೆ ಶೆಡ್ಡೋನು ಮಾಡ್ತಾನೆ."

ಆ ತಿಂಗಳು ನಮ್ಮ ಹಾಸ್ಟೆಲ್ಲಿನ ಬಾಕಿ ಕಟ್ಟಬೇಕಿತ್ತು, ಪರೀಕ್ಷೆ ಫೀಜೂ ಕಟ್ಟಬೇಕಿತ್ತು. ಅಣ್ಣ ನಮ್ಮ ಮುಖ ನೋಡಿದ. ನಾವು ನೆಲ ನೋಡಿದೆವು. ಆ ಒಂದು ಗಳಿಗೆಯಲ್ಲಿ ನಡೆದ ಮಾತುಕತೆ ಯಾವ ಕರಾರುಪತ್ರದಲ್ಲೂ ಬರೆದಿಲ್ಲ.

ತೂತಿನೊಳಕ್ಕೆ ಹಳೇ ಪೇಪರು ತುರುಕಿ, ಮೇಲೆ ತಂತಿಬಲೆ ಇಟ್ಟು, ಅದರ ಮೇಲೆ ಪುಟ್ಟಿ ಮೆತ್ತಿದ. ಪೇಪರು ಹರಿದು ಉಂಡೆ ಮಾಡಿ ಕೊಟ್ಟವರು ನಾವೇ. ಪುಟ್ಟಿ ಒಣಗಿದ ಮೇಲೆ ಉಪ್ಪುಕಾಗದ ಹಿಡಿದು ಉಜ್ಜಿದವರೂ ನಾವೇ. ಬಿಳೀ ಬಣ್ಣ ಬಿದ್ದ ಮೇಲೆ ಕಾರು ಮದುವೆ ಹೆಣ್ಣಿನ ಹಾಗೆ ನಿಂತಿತು. ದಲ್ಲಾಳಿ ಆರು ಸಾವಿರ ಎಣಿಸಿ ಕೊಟ್ಟ. ನಾವು ಫೀಜು ಕಟ್ಟಿದೆವು. ಪಾಸಾದೆವು.

ಮೂರು ಮಳೆಗಾಲ ಕಳೆಯಿತು. 2021ರ ಕೊನೆಯಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು ಬ್ರೇಕು ನೋಡಿಸಲು ಬೇರೆ ಮೆಕ್ಯಾನಿಕ್ ಹತ್ತಿರ ಹೊರಟವರು, ದಾರಿಯಲ್ಲಿ ಬಾಗಿಲು ಮುಚ್ಚದಾಗಿ ನಮ್ಮ ಶೆಡ್ಡಿಗೆ ಕಾರು ತಿರುಗಿಸಿದರು. ಅದೇ ಕಾರು. ಚಿಕ್ಕಂದಿನಲ್ಲಿ ದೂರದಿಂದ ನೋಡಿ ಆಸೆಪಟ್ಟಿದ್ದಂತೆ, ನಿವೃತ್ತಿಯ ದುಡ್ಡಿನಲ್ಲಿ ಕೊಂಡಿದ್ದರಂತೆ. ಶೆಡ್ಡಿನ ಹುಡುಗ ಫುಟ್‌ಬೋರ್ಡಿನ ಕೆಳಗೆ ಜಾಕ್ ಕೊಟ್ಟು ಎತ್ತಿದ, ಚಕ್ರ ಬಿಚ್ಚಿದ. ಸ್ಪ್ಯಾನರು ತರಲು ಆಚೆ ಬಂದ. ಆಗ ಕರಕರ ಅಂತ ಸದ್ದಾಯಿತು. ಜಾಕು ಫುಟ್‌ಬೋರ್ಡನ್ನು ತೂರಿಕೊಂಡು ಒಳಕ್ಕೆ ಹೋಯಿತು. ಕಾರು ದೊಪ್ಪನೆ ಕೂತಿತು. ಹುಡುಗ ಎರಡು ನಿಮಿಷ ಮುಂಚೆ ತಲೆ ಇಟ್ಟಿದ್ದ ಜಾಗದಲ್ಲಿ ಬ್ರೇಕ್ ಡ್ರಮ್ಮು ಮಣ್ಣಿಗೆ ಕಚ್ಚಿಕೊಂಡಿತ್ತು.

ಒಡೆದ ಪುಟ್ಟಿಯ ಬಾಯಿಂದ ಒದ್ದೆ ಪೇಪರಿನ ಉಂಡೆ ಹೊರಬಿತ್ತು. ಅಕ್ಷರ ಇನ್ನೂ ಓದುವ ಹಾಗಿತ್ತು.

ಮೇಷ್ಟ್ರಿಗೆ ಏನೂ ಗೊತ್ತಿರಲಿಲ್ಲ. ಹಳೇ ಕಾರು, ತುಕ್ಕು ಹಿಡಿದಿತ್ತು ಅಂದಿದ್ದರೆ ನಂಬುತ್ತಿದ್ದರು. ಹಾಗೆ ಹೇಳಲಿ ಅಂತ ನಾವು ಅಣ್ಣನ ಕಡೆ ನೋಡಿದೆವು. ಅಣ್ಣ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದ:

"ಇದು ನಾನೇ ಮಾಡಿದ್ದು ಮೇಷ್ಟ್ರೇ."

ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮ್ಮಂಥೋರನ್ನ ನಂಬಿದ್ದೇ ತಪ್ಪು" ಅಂದರು. ಆ 'ನಿಮ್ಮಂಥೋರು' ಎಂಬ ಮಾತಿನ ಒಳಗೆ ಏನೇನು ತುರುಕಿತ್ತು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಷ್ಟ್ರ ಸಿಟ್ಟಿನಲ್ಲಿ ನ್ಯಾಯವಿತ್ತು. ಅವರ ಆ ಪದದಲ್ಲಿ ಇರಲಿಲ್ಲ. ಮಾಡಿದವನೊಬ್ಬ, ಅವನ ಹಿಂದಿನ ಕುಲವನ್ನೆಲ್ಲ ಕಟಕಟೆಗೆ ಎಳೆಯುವುದು ಹಳೇ ಚಾಳಿ. ದಲ್ಲಾಳಿಯ ಬಗ್ಗೆ ಮಾತ್ರ ಯಾರೂ 'ಅಂಥೋರು' ಅನ್ನಲಿಲ್ಲ. ಅವನ ಕೈಗೆ ಪುಟ್ಟಿ ಅಂಟಿರಲಿಲ್ಲವಲ್ಲ.

4

ಅವತ್ತು ರಾತ್ರಿ ನಾವು ಅಣ್ಣನ ಪರವಾಗಿ ವಕಾಲತ್ತು ಮಾಡಿದೆವು. ಓದಿಕೊಂಡವರು ತಾನೆ, ವಾದ ಬರುತ್ತದೆ. ತಪ್ಪು ನಿನ್ನದಲ್ಲ ಅಣ್ಣ ಎಂದೆವು. ವ್ಯವಸ್ಥೆಯದು. ಮೂರು ದಿನದ ಕೆಲಸಕ್ಕೆ ಅರ್ಧ ದಿನದ ಕೂಲಿ ಕೊಟ್ಟವನದು. ಬಡವನಿಗೆ ಆಯ್ಕೆ ಎಲ್ಲಿದೆ? ಆಯ್ಕೆ ಇಲ್ಲದ ಕಡೆ ಅಪರಾಧ ಎಲ್ಲಿದೆ? ಈ ವಾದವನ್ನು ನಾವು ಸಭೆಗಳಲ್ಲಿ ಮಾಡಿದ್ದೇವೆ, ಲೇಖನಗಳಲ್ಲಿ ಬರೆದಿದ್ದೇವೆ. ಅದರಲ್ಲಿ ಬಹಳಷ್ಟು ಸತ್ಯವೂ ಇದೆ.

ಅಣ್ಣ ಕೇಳಿಸಿಕೊಂಡು ಹೇಳಿದ್ದು ಇಷ್ಟೆ:

"ಕೈ ನಂದು ಕಣ್ಲಾ. ಹೋದ ವಾರ ಆ ಫಿಯಟ್ಟಿನ ಬಾಗಿಲು ಕೂರಿಸ್ದಾಗ, ಏನು ಕೈಯಣ್ಣ ನಿಂದು ಅಂದೆ. ಅವಾಗ ಕೈ ನಂದು. ಇವತ್ತು ವ್ಯವಸ್ಥೇದಾ?"

ನಮಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಪೂರ್ತಿ ಹೊಳೆದಿಲ್ಲ. ಆದರೆ ಅವನ ಮಾತಿನಲ್ಲಿ ಏನಿದೆ ಎಂಬುದು ಮೆಲ್ಲಗೆ ಅರ್ಥವಾಗಿದೆ. ದುಡಿಯುವವನ ಕೆಲಸ ಅವನದೇ, ಅದರ ಮೇಲೆ ಅವನಿಗೇ ಹಕ್ಕು ಎಂದು ನಾವು ಕೂಗುತ್ತೇವೆ. ಆದರೆ ಅದೇ ಕೆಲಸ ಕೆಟ್ಟಾಗ, ಅದು ಅವನದಲ್ಲ, ವ್ಯವಸ್ಥೆ ಅವನ ಕೈಯಿಂದ ಮಾಡಿಸಿತು ಅನ್ನುತ್ತೇವೆ. ಹಾಗೆಂದ ಕೂಡಲೇ ಅವನನ್ನು ಒಂದು ಸಲಕರಣೆ ಮಾಡಿಬಿಟ್ಟೆವು. ಸುತ್ತಿಗೆಗೆ ತಪ್ಪಿಲ್ಲ, ನಿಜ. ಆದರೆ ಸುತ್ತಿಗೆಗೆ ಮರ್ಯಾದೆಯೂ ಇಲ್ಲ. ದಲ್ಲಾಳಿ ಅಣ್ಣನನ್ನು ಅಗ್ಗದ ಸಲಕರಣೆ ಅಂದುಕೊಂಡ. ನಾವು ಅವನನ್ನು ಕರುಣೆಯಿಂದ ಸಲಕರಣೆ ಅಂದುಕೊಂಡೆವು. ತಪ್ಪು ನನ್ನದು ಅನ್ನುವ ಮೂಲಕ ಅಣ್ಣ ಇಬ್ಬರಿಂದಲೂ ತನ್ನ ಕೈಯನ್ನು ವಾಪಸ್ಸು ಪಡೆದ.

ಪಾಲಿ ಭಾಷೆಯ 'ಮಿಲಿಂದ ಪ್ರಶ್ನೆ'ಯಲ್ಲಿ ಒಂದು ಪ್ರಸಂಗವಿದೆ. ಕ್ರಿಸ್ತಪೂರ್ವ ಎರಡನೇ ಶತಮಾನದ ಗ್ರೀಕ್ ಮೂಲದ ರಾಜ ಮಿಲಿಂದನಿಗೂ ಬೌದ್ಧ ಭಿಕ್ಷು ನಾಗಸೇನನಿಗೂ ನಡೆಯುವ ಸಂವಾದ ಅದು. ರಥ ಎಂದರೆ ಯಾವುದು, ಗಾಲಿಯೋ ಅಚ್ಚೋ ನೊಗವೋ ಎಂದು ನಾಗಸೇನ ರಾಜನನ್ನು ಕೇಳುವ ಭಾಗ ಅನೇಕರಿಗೆ ಗೊತ್ತಿದೆ. ಅದಕ್ಕಿಂತ ನಮಗೆ ಬೇಕಾದದ್ದು ಮಾವಿನಹಣ್ಣಿನ ಕಳ್ಳನ ದೃಷ್ಟಾಂತ. ಹಣ್ಣು ಕದ್ದು ಸಿಕ್ಕಿಬಿದ್ದವನು ವಾದ ಹೂಡುತ್ತಾನೆ: ತೋಟದವನು ನೆಟ್ಟದ್ದು ಬೇರೆ ಮಾವು, ನಾನು ಕಿತ್ತದ್ದು ಬೇರೆ ಮಾವು, ಹಾಗಾಗಿ ನಾನು ಅವನದೇನನ್ನೂ ಕದ್ದಿಲ್ಲ. ರಾಜ ಒಪ್ಪುವುದಿಲ್ಲ. ನೆಟ್ಟ ಮಾವಿನಿಂದಲೇ ಈ ಹಣ್ಣು ಬಂದದ್ದು, ಕಳ್ಳ ತಪ್ಪಿತಸ್ಥನೇ. ಹಿಂದಿನ ಕರ್ಮಕ್ಕೂ ಇಂದಿನ ಫಲಕ್ಕೂ ಸಂಬಂಧ ಹೀಗೆಯೇ ಎನ್ನುತ್ತಾನೆ ನಾಗಸೇನ.

2018ರ ಅಣ್ಣ ಬೇರೆ, 2021ರ ಅಣ್ಣ ಬೇರೆ ಅನ್ನಬಹುದಿತ್ತು. ಮಾರಿದವನು ಬೇರೆ, ಕೊಂಡವರು ಬೇರೆ, ಜಾಕ್ ಕೊಟ್ಟ ಹುಡುಗ ಬೇರೆ. ಆದರೆ ಪುಟ್ಟಿ ಒಂದೇ. ಅಂದು ಮೆತ್ತಿದ ಪುಟ್ಟಿಯ ಒಳಗೇ ಇಂದಿನ ತೂತು ಬೆಳೆದದ್ದು. ಆ ಲೆಕ್ಕದಲ್ಲಿ ಹರಿದ ಪೇಪರಿನಿಂದ ನಮ್ಮ ಪದವಿಯೂ ಬೆಳೆದಿದೆ. ಅಣ್ಣ ತನ್ನ ಪಾಲು ಒಪ್ಪಿಕೊಂಡ ಮೇಲೆ ನಾವು ನಮ್ಮ ಪಾಲನ್ನು ವ್ಯವಸ್ಥೆಯ ತಲೆಗೆ ಕಟ್ಟಿ ಕೂರುವುದು ಹೇಗೆ? ಈ ಪಾಲು ಒಪ್ಪಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

5

ಹಾಗಾದರೆ ದಲ್ಲಾಳಿ ಪಾರಾದನೋ? ಇಲ್ಲ. ಇಲ್ಲಿ ಎಚ್ಚರದಿಂದ ಹೆಜ್ಜೆ ಇಡಬೇಕು. ಬಡವ ತನ್ನ ತಪ್ಪು ಒಪ್ಪಿಕೊಂಡ ಕೂಡಲೇ ಉಳ್ಳವರು, ನೋಡಿ ಅವನೇ ಒಪ್ಪಿಕೊಂಡ, ಲೆಕ್ಕ ಮುಗಿಯಿತು ಅಂತ ಎದ್ದುಹೋಗುತ್ತಾರೆ. ಲೆಕ್ಕ ಮುಗಿದಿಲ್ಲ. ತಪ್ಪು ಹೊಲವಲ್ಲ, ಒಬ್ಬ ಹೆಚ್ಚು ತೆಗೆದುಕೊಂಡರೆ ಇನ್ನೊಬ್ಬನಿಗೆ ಕಡಿಮೆಯಾಗಲು. ಅಣ್ಣ ತನ್ನದನ್ನು ಪೂರ್ತಿ ಹೊತ್ತರೂ ದಲ್ಲಾಳಿಯದು ಪೂರ್ತಿ ಉಳಿಯುತ್ತದೆ. ನಮ್ಮ ದೃಷ್ಟಿಯಲ್ಲಿ ಅದು ಹೆಚ್ಚಿನದು. ಯಾಕೆಂದರೆ ಬೇಡ ಅನ್ನುವುದಕ್ಕೆ ಅವನಿಗೆ ಖರ್ಚಾಗುತ್ತಿದ್ದದ್ದು ಲಾಭದಲ್ಲಿ ಒಂದಿಷ್ಟು. ಅಣ್ಣನಿಗೆ ಖರ್ಚಾಗುತ್ತಿದ್ದದ್ದು ತಮ್ಮನ ಪರೀಕ್ಷೆ.

ಕಾಯಕದ ಬಗ್ಗೆ ಭಾಷಣ ಮಾಡುವವರು ಬಹಳ. ಪ್ರಾಮಾಣಿಕವಾಗಿ ದುಡಿಯಿರಿ, ಯಾರೂ ನೋಡದ ಕಡೆಯೂ ಚೊಕ್ಕವಾಗಿ ಮಾಡಿರಿ ಅನ್ನುತ್ತಾರೆ. ಒಪ್ಪುತ್ತೇವೆ. ಆದರೆ ಪ್ರಾಮಾಣಿಕತೆಗೆ ಗಂಟೆಗಳ ಬೆಲೆಯಿದೆ. ಅರ್ಧ ದಿನದ ಕೂಲಿ ಕೊಟ್ಟು ಮೂರು ದಿನದ ಪ್ರಾಮಾಣಿಕತೆ ಕೇಳುವುದು ಕಳ್ಳತನವೇ. ಕೆಲಸಗಾರನಿಗೆ ನೀತಿ ಹೇಳುವ ಮುಂಚೆ ಅವನಿಗೆ ಬೇಡ ಅನ್ನುವ ಶಕ್ತಿ ಇದೆಯೇ ಎಂದು ಕೇಳಬೇಕು. ಬೇಡ ಅನ್ನಲಾರದವನ ಹೂಂ ಎಂಬ ಮಾತಿಗೆ ಪೂರ್ತಿ ಬೆಲೆಯಿಲ್ಲ.

ಇನ್ನೊಂದು ಮಾತು. ಹಳೇ ಕಾರಿನ ಬಣ್ಣ ಉಜ್ಜಿದರೆ ಏಳುವ ಧೂಳಿನಲ್ಲಿ ಸೀಸ ಇರಬಹುದು, ಹಿಂದಿನ ಬಣ್ಣಗಳಲ್ಲಿ ಅದನ್ನು ಬೆರೆಸುತ್ತಿದ್ದರು. ಈಗ ಗಟ್ಟಿಕಾರಕ ಬೆರೆಸಿ ಸ್ಪ್ರೇ ಮಾಡುವ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ, ಅದರಿಂದ ಉಬ್ಬಸ ಬರುತ್ತದೆ. ಕಾರಿನ ತಗಡಿಗೆ ಎರಡು ಕೋಟು ಪ್ರೈಮರು, ಅಣ್ಣನ ಮೂಗಿಗೆ ಒಂದು ಕರ್ಚೀಪು. ತಗಡಿನ ಆಯಸ್ಸು ಎಷ್ಟು ಹೆಚ್ಚಿತು ಎಂದು ಕೇಳುವ ಗಿರಾಕಿಗಳು ಅವನ ಕೆಮ್ಮು ಕೇಳಿಸಿಕೊಂಡದ್ದನ್ನು ನಾವು ಕಂಡಿಲ್ಲ.

ಆ ಘಟನೆಯ ಮೇಲೆ ಅಣ್ಣ ಒಂದು ಕಟ್ಟಳೆ ಮಾಡಿಕೊಂಡ. ಫುಟ್‌ಬೋರ್ಡಿಗೆ ಪುಟ್ಟಿ ಇಲ್ಲ. ಯಾರ ಕಾರಾದರೂ ಸರಿ, ಎಷ್ಟು ಕೊಟ್ಟರೂ ಸರಿ. ಎರಡು ತಿಂಗಳು ಕೆಲಸ ಅರ್ಧಕ್ಕರ್ಧ ಇಳಿಯಿತು. ಆ ಎರಡು ತಿಂಗಳು ಮನೆ ನಡೆದದ್ದು ನಮ್ಮ ಟ್ಯೂಷನ್ ದುಡ್ಡಿನಲ್ಲಿ. ನಮ್ಮನ್ನು ಹೊಗಳಿಕೊಳ್ಳಲು ಇದನ್ನು ಹೇಳುತ್ತಿಲ್ಲ, ಅವನ ಸಾಲದಲ್ಲಿ ಅದು ಬಡ್ಡಿಗೂ ಸಾಲದು. ಒಬ್ಬ ಬೇಡ ಅನ್ನಬೇಕಾದರೆ ಅವನ ಹಿಂದೆ ಇನ್ನೊಬ್ಬ ನಿಲ್ಲಬೇಕು ಎಂಬುದನ್ನು ತೋರಿಸಲು ಹೇಳುತ್ತಿದ್ದೇವೆ. ಎದುರು ಶೆಡ್ಡಿನವನೂ ಬೇಡ ಅಂದಿದ್ದರೆ ದಲ್ಲಾಳಿ ಹದಿನೈದು ಸಾವಿರ ಕೊಡುತ್ತಿದ್ದ. ನೀತಿ ಒಬ್ಬನ ಎದೆಯಲ್ಲಿ ಹುಟ್ಟಬಹುದು. ಉಳಿಯಬೇಕಾದರೆ ಸಂಘ ಬೇಕು.

6

ಕೊನೆಗೆ ಹೆಸರಿನ ಪ್ರಶ್ನೆ. ಕೈ ನನ್ನದು ಅಂದವನ ಹೆಸರು ಎಲ್ಲಿ ಉಳಿಯಬೇಕು?

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳನ್ನು ತಿದ್ದಿ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ, ಚಾಸಿ, ಒಡಲು, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆಯಾಗದ ವಾಹನಕ್ಕೆ 'ವಿಎ' ಎಂಬ ಅಕ್ಷರಗಳ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ. ಒಳ್ಳೆಯದೇ. ಹಳೆಯ ಸಾಮಾನು ಉಳಿಯಲಿ. ಆದರೆ ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ದುಡಿದ ಪ್ರೀಮಿಯರ್ ಪದ್ಮಿನಿಗಳಿಗೆ 20 ವರ್ಷದ ಮಿತಿ ಹಾಕಲಾಗಿತ್ತು. 2023ರ ಅಕ್ಟೋಬರ್ ಕೊನೆಗೆ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತು. ದುಡಿದು ಸವೆದದ್ದು ಗುಜರಿ, ನೆರಳಲ್ಲಿ ನಿಂತು ಉಳಿದದ್ದು ಪರಂಪರೆ. ಆ ಮೂಲ ರೂಪವನ್ನಾದರೂ ಉಳಿಸಿದವರು ಯಾರು? 50 ವರ್ಷ ತಗಡು ತಾನಾಗಿ ಉಳಿಯುವುದಿಲ್ಲ. ಯಾವುದೋ ಶೆಡ್ಡಿನಲ್ಲಿ ಯಾರೋ ಕೊಯ್ದು ಬೆಸೆದು ಉಜ್ಜಿರುತ್ತಾರೆ. ಕೆಲಸ ಎಷ್ಟು ಚೆನ್ನಾಗಿದ್ದರೆ ಅಷ್ಟು ಕಾಣಿಸುವುದಿಲ್ಲ. ಟಿಂಕರಿಂಗ್ ಎಂದರೆ ಮಾಡಿದವನನ್ನೇ ಅಳಿಸಿಹಾಕುವ ವಿದ್ಯೆ.

ದೆಹಲಿಯ ಮೆಹ್ರೌಲಿಯಲ್ಲಿ ಏಳು ಮೀಟರಿಗೂ ಎತ್ತರದ, ಆರು ಟನ್ನಿಗೂ ಹೆಚ್ಚು ತೂಕದ ಕಬ್ಬಿಣದ ಕಂಬವಿದೆ. ಸುಮಾರು 1600 ವರ್ಷವಾದರೂ ತುಕ್ಕು ಅದನ್ನು ತಿಂದಿಲ್ಲ. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು, ಅದರಿಂದ ಮೇಲ್ಮೈಯಲ್ಲಿ ಕಾಯುವ ಪೊರೆಯೊಂದು ಕಟ್ಟಿದೆ. ಅದರ ಮೇಲೆ ಚಂದ್ರ ಎಂಬ ರಾಜನ ಹೊಗಳಿಕೆ ಕೊರೆದಿದೆ. ಕಾಯಿಸಿ ಬಡಿದ ಕಮ್ಮಾರರ ಹೆಸರಿಲ್ಲ. ಆದರೆ ನಮ್ಮ ಬೇಲೂರಿನಲ್ಲಿ, 1117ರ ದೇವಾಲಯದಲ್ಲಿ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ಕಲ್ಲಿಗೆ ಹೆಸರು ಕೊರೆದರೆ ಕಲ್ಲು ಕೆಡುವುದಿಲ್ಲ.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ನಾವು ಅಣ್ಣನಿಗೆ ಒಂದು ಸಲಹೆ ಕೊಟ್ಟೆವು. ಮೇಷ್ಟ್ರ ಕಾರಿನ ಎರಡೂ ಫುಟ್‌ಬೋರ್ಡುಗಳನ್ನು ಅವನು ಹೊಸದಾಗಿ ಮಾಡಿಕೊಟ್ಟ. ತಗಡಿನ ದುಡ್ಡು ಮಾತ್ರ ತೆಗೆದುಕೊಂಡ, ಕೂಲಿ ಬೇಡ ಅಂದ. ಕೊನೆಯ ತಗಡು ಮುಚ್ಚುವ ಮುಂಚೆ, ಒಳಮುಖದಲ್ಲಿ ಒಂದು ಮೊಳೆಯಿಂದ ನಿನ್ನ ಹೆಸರು ಗೀಚಿಬಿಡು ಅಂದೆವು. ಅಣ್ಣ ನಕ್ಕುಬಿಟ್ಟ.

"ಗೀಚಿದ್ರೆ ಪ್ರೈಮರ್ ಕಿತ್ತೋಯ್ತದೆ. ಅಲ್ಲಿಂದ್ಲೇ ತುಕ್ಕು ಶುರುವಾಯ್ತದೆ. ನನ್ನ ಹೆಸ್ರು ಉಳಿಯೋಕೆ ತಗಡು ಸಾಯ್ಬೇಕಾ?"

"ಮತ್ತೆ ಗೊತ್ತಾಗೋದು ಹೆಂಗೆ ನೀನು ಮಾಡಿದ್ದು ಅಂತ?"

"ಬಿಚ್ಚೋನಿಗೆ ಗೊತ್ತಾಯ್ತದೆ. ಬೆಸುಗೆ ನೋಡಿದ್ರೆ ಇದು ಕೆಲ್ಸ ಬಲ್ಲೋನು ಮಾಡಿದ್ದು ಅಂತ ಗೊತ್ತಾಯ್ತದೆ. ಅಷ್ಟು ಸಾಕು. ಅವ್ನು ಬೈಯ್ದಂಗೆ ಇರ್ಬೇಕು."

ಕಾಣದ ಕಡೆಯ ಕೆಲಸ ಯಾರಿಗೆ ಸಲ್ಲುತ್ತದೆ ಎಂದು ನಾವು ಪುಸ್ತಕಗಳಲ್ಲಿ ಹುಡುಕುತ್ತಿದ್ದೆವು. ಅವನ ಉತ್ತರ ಸರಳ. ಯಜಮಾನನಿಗಲ್ಲ, ದೇವರಿಗಲ್ಲ, ಕಾರಿಗೂ ಅಲ್ಲ. ಅದು ಸಲ್ಲುವುದು ಮುಂದೆ ಬಿಚ್ಚುವ ಕೈಗೆ, ಮತ್ತು ಆ ಕಾರಿನ ಅಡಿಯಲ್ಲಿ ತಲೆ ಇಡುವ ಹುಡುಗನಿಗೆ.

ಆದರೆ ಈ ದೊಡ್ಡ ಮಾತಿನಲ್ಲಿ ನಾವು ಪೂರ್ತಿ ಕರಗಿಹೋಗಲು ತಯಾರಿಲ್ಲ. ಮಾಡಿದವನು ತಾನೇ ಮರೆಯಾಗಲು ಒಪ್ಪಿದ ಎಂದು ಜಗತ್ತು ಅವನನ್ನು ಮರೆಯುವ ಹಾಗಿಲ್ಲ. ತಗಡಿನ ಮೇಲೆ ಬೇಡವಾದರೆ ಕಾಗದದ ಮೇಲಾದರೂ ಇರಲಿ ಎಂದು ಹಟ ಹಿಡಿದೆವು. ಅಲ್ಲಿಯವರೆಗೆ ಅಣ್ಣನ ಶೆಡ್ಡಿನಲ್ಲಿ ಬಿಲ್ಲು ಎಂಬುದೇ ಇರಲಿಲ್ಲ. ಒಂದು ಬಿಲ್ ಪುಸ್ತಕ ತಂದು ನಾವೇ ಬರೆದೆವು: ಎರಡೂ ಕಡೆಯ ಫುಟ್‌ಬೋರ್ಡು ಕೊಯ್ದು ಹೊಸ ತಗಡು ಬೆಸೆದಿದೆ, ಒಳಗೆ ಪ್ರೈಮರ್ ಹೊಡೆದಿದೆ, ಪುಟ್ಟಿ ಇಲ್ಲ. ಕೆಳಗೆ ತಾರೀಕು. ಪೆನ್ನು ಅಣ್ಣನ ಕೈಗೆ ಕೊಟ್ಟೆವು. ಸುತ್ತಿಗೆ ಹಿಡಿಯುವ ಕೈ, ಸಹಿ ಹಾಕಲು ಸ್ವಲ್ಪ ಹೊತ್ತು ತೆಗೆದುಕೊಂಡಿತು.

ಮೇಷ್ಟ್ರು ಬಿಲ್ಲು ಓದಿದರು, ಮಡಿಸಿ ಜೇಬಿಗೆ ಇಟ್ಟುಕೊಂಡರು, ಕಾರು ಹತ್ತಿದರು. ಏನೂ ಹೇಳಲಿಲ್ಲ. ಮತ್ತೆ ನಮ್ಮ ಶೆಡ್ಡಿನ ಕಡೆ ಬರಲೂ ಇಲ್ಲ. ತಪ್ಪು ಒಪ್ಪಿಕೊಂಡವನಿಗೆ ಬಹುಮಾನ ಸಿಗುತ್ತದೆ ಎಂದು ನಾವು ಸುಳ್ಳು ಹೇಳಲಾರೆವು.

ಆ ಬಿಲ್ ಪುಸ್ತಕ ಈಗ ಮೂರನೆಯದು ನಡೆಯುತ್ತಿದೆ. ಪ್ರತಿ ಹಾಳೆಯ ಕೆಳಗೂ ಅಣ್ಣನ ಸಹಿ ಇದೆ. ಕಳೆದ ವರ್ಷ ಎದುರು ಶೆಡ್ಡಿನವನೂ ಬಂದು, ಇದನ್ನ ಎಲ್ಲಿ ಅಚ್ಚು ಹಾಕಿಸ್ತೀರಿ ಎಂದು ಕೇಳಿಕೊಂಡು ಹೋದ.